ಇನ್ನೂರ ಹದಿನಾಲ್ಕರ ಭಾನುವಾರಗಳು

ಅರ್ಜಿಯಲ್ಲಿ ಒಟ್ಟು ಹನ್ನೊಂದು ಪ್ಯಾರಾ ಇದ್ದವು. ಅವುಗಳಲ್ಲಿ ಒಂಬತ್ತನೆಯದೆಂದರೆ ಟೈಲರಮ್ಮನಿಗೆ ಬಲು ಅಭಿಮಾನ. ಉಳಿದ ಹತ್ತನ್ನೂ ವಕೀಲರು ತಮ್ಮ ಭಾಷೆಯಲ್ಲಿ 'ಸದರಿ', 'ಮೇಲ್ಕಂಡ', 'ಪ್ರತಿವಾದಿಯು' ಎಂದು ಬರೆದಿದ್ದರು. ಓದಿದರೆ ಅದು ತನ್ನ ಸಂಸಾರವೋ ಪಕ್ಕದ ಮನೆಯವರದ್ದೋ ಗೊತ್ತಾಗುವಂತಿರಲಿಲ್ಲ. ಒಂಬತ್ತನೆಯದನ್ನು ಮಾತ್ರ ಅವಳೇ ನಿಂತು ಹೇಳಿ ಬರೆಸಿದ್ದಳು. ಪ್ರತಿ ಭಾನುವಾರ ಮಗಳನ್ನು ಕರೆದುಕೊಂಡು ಹೋಗುವ ತಂದೆ, ಅವಳನ್ನು ಉದ್ಯಾನದ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲೇ ಗಂಟೆಗಟ್ಟಲೆ ನಿದ್ದೆ ಹೊಡೆಯುತ್ತಾನೆ. ಓದಿದವರು ಯಾರಾದರೂ ಛೀ ಎನ್ನಲೇಬೇಕು. ಅವಳಿಗೆ ಬೇಕಾಗಿದ್ದುದೂ ಅದೇ.

ಅವಳ ಅಂಗಡಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡುವವರಿಗೊಂದು ಪರದೆ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದರಲ್ಲಿ ಅವಳದು ಎತ್ತಿದ ಕೈ. ಸೊಂಟ ಬಿಗಿಯಾದ ಪ್ಯಾಂಟು, ಝಿಪ್ಪು ಕಿತ್ತ ಚೀಲ, ಅಣ್ಣನಿಂದ ತಮ್ಮನಿಗಿಳಿದ ಕೋಟು, ಎಲ್ಲವೂ ಅವಳ ಬಾಗಿಲಿಗೇ ಬರಬೇಕು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆದೂ ಕರೆದೂ ಅವಳ ಹೆಸರೇ ಮರೆತಿದ್ದರು.

ನಾಲ್ಕು ವರ್ಷದ ಹಿಂದೆ ಅವಳೂ ಅವಳ ಗಂಡನೂ ಬೇರೆಯಾದಾಗ ಮಗಳಿಗೆ ಆರು ವರ್ಷ. ಗಂಡ ಬಸ್ ಡ್ರೈವರು. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳ ಸುದ್ದಿಯಿಲ್ಲ. ಮತ್ತೇಕೆ ಬೇರೆಯಾದರು ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: ಗೋಡೆಗೆ ಮಾತಾಡಿ ಸಾಕಾಯಿತು. ಅವಳದು ಅರಳು ಹುರಿದಂಥ ಮಾತು. ಅವನೋ ಬಾಯಿಗೆ ಬೀಗ ಹಾಕಿ ಕೀಲಿಕೈ ಎಲ್ಲೋ ಕಳೆದುಕೊಂಡವನು. ಮನೆ ಸೋರಿದರೂ ಹೇಳ, ಹಲ್ಲು ನೋವು ಬಂದರೂ ಹೇಳ. ಒಂದು ದಿನ ಅವಳು 'ಹೀಗೆ ಬಾಳೋಕೆ ನನ್ನಿಂದ ಆಗಲ್ಲ' ಎಂದಾಗಲೂ ಮಹಾರಾಯ ತುಟಿ ಪಿಟಕ್ಕೆನ್ನಲಿಲ್ಲ.

ನ್ಯಾಯಾಲಯದ ಆದೇಶ ಚಿಕ್ಕದಾಗಿತ್ತು. ಮಗಳು ತಾಯಿಯ ಬಳಿ ಇರಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ತಂದೆಯ ಬಳಿ. ತಂದೆ ತಿಂಗಳು ತಿಂಗಳು ಮಗಳ ಜೀವನಾಂಶ ಕಟ್ಟಬೇಕು. ಅವನು ಇದೆಲ್ಲವನ್ನೂ ಅಕ್ಷರಶಃ ಪಾಲಿಸಿದ. ಜೀವನಾಂಶ ಒಂದು ತಿಂಗಳೂ ತಪ್ಪಲಿಲ್ಲ. ಭಾನುವಾರ ಒಂಬತ್ತಕ್ಕೆ ಗೇಟಿನ ಹತ್ತಿರ ಒಗೆದ ಷರ್ಟು ಹಾಕಿಕೊಂಡು ನಿಂತಿರುತ್ತಿದ್ದ. ತಪ್ಪು ಹುಡುಕಲೂ ಜಾಗ ಬಿಡದ ಆ ಶಿಸ್ತು ಅವಳ ಮೈ ಉರಿಸುತ್ತಿತ್ತು. ಬಸ್ಸಿನವನಿಗೆ ಟೈಮು ನೋಡುವುದೊಂದು ಚಟ, ಅಷ್ಟೇ ಎಂದುಕೊಂಡಿದ್ದಳು.

ಈಗ ಮಗಳು ಶಾಲೆಯ ಈಜು ತಂಡಕ್ಕೆ ಆಯ್ಕೆಯಾಗಿದ್ದಳು. ಅಭ್ಯಾಸ ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದು. ಭಾನುವಾರದ ಬದಲು ಬುಧವಾರ ಸಂಜೆ ಮೂರು ಗಂಟೆ ಹೊತ್ತು ಮಗಳನ್ನು ನೋಡಲಿ ಎಂದು ಟೈಲರಮ್ಮ ವಕೀಲರ ಮೂಲಕ ಕೇಳಿಸಿದಳು. ಆ ಕಡೆಯಿಂದ ಒಂದೇ ಸಾಲಿನ ಉತ್ತರ ಬಂತು: ಭಾನುವಾರ ಬಿಟ್ಟು ಬೇರೆ ದಿನ ಸಾಧ್ಯವಿಲ್ಲ. ಯಾಕೆ, ಏನು, ಒಂದೂ ಇಲ್ಲ. ಜಪ್ಪಯ್ಯ ಅಂದರೂ ಬಗ್ಗದ ಹಠ. ಅವಳಿಗೆ ರೇಗಿಹೋಯಿತು. ಹೀಗೆ ಹುಟ್ಟಿತು ಹನ್ನೊಂದು ಪ್ಯಾರಾದ ಅರ್ಜಿ. ತಂದೆಯ ಭಾನುವಾರಗಳನ್ನು ತೆಗೆದುಹಾಕಿ, ಜೀವನಾಂಶ ಹೆಚ್ಚಿಸಿ ಎಂದು ಅದರ ಸಾರ.

ಹೆಚ್ಚಿಸುವುದಕ್ಕೆ ಆಧಾರ ಬೇಕಲ್ಲ? ವಕೀಲರು ಪೆನ್ನು ಟಕಟಕ ಮಾಡುತ್ತ ಅಂದರು: "ಹಗಲು ಬೆಂಚಿನ ಮೇಲೆ ನಿದ್ದೆ ಮಾಡೋ ಮನುಷ್ಯ ರಾತ್ರಿ ಏನೋ ಮಾಡ್ತಿರ್ಬೇಕು ಅಂತ ಅರ್ಥ. ಖಾಸಗಿ ಗಾಡಿ ಓಡಿಸ್ತಿರ್ಬಹುದು. ಆ ದುಡ್ಡು ಲೆಕ್ಕಕ್ಕೆ ಬಂದಿಲ್ಲ. ಅವನ ಡ್ಯೂಟಿ ಚಾರ್ಟು ತಂದ್ಕೊಡಿ, ಯಾವ್ಯಾವ ರಾತ್ರಿ ಖಾಲಿ ಇದ್ದಾನೆ ನೋಡೋಣ."

ಹಾಗಾಗಿ ಒಂದು ಮಂಗಳವಾರ ಹನ್ನೊಂದು ಗಂಟೆಗೆ ಅವಳು ಅಂಗಡಿಗೆ ಬೀಗ ಹಾಕಿ ಬಸ್ ಡಿಪೋಗೆ ಹೋದಳು. ಬೆಳಗಿನ ಬಸ್ಸುಗಳೆಲ್ಲ ಹೊರಟುಹೋಗಿ ಅಂಗಳ ಬಿಕೋ ಅನ್ನುತ್ತಿತ್ತು. ನೆಲದ ತುಂಬ ಎಣ್ಣೆಯ ಕಲೆ. ತೊಳೆದ ಬಸ್ಸೊಂದು ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು. ಚಾರ್ಟ್ ಮಾಸ್ಟರ ಕೋಣೆಯಲ್ಲಿ ಒಂದು ಇಡೀ ಗೋಡೆಗೆ ಚೌಕುಳಿ ಚೌಕುಳಿಯ ದೊಡ್ಡ ಹಾಳೆ ಅಂಟಿಸಿದ್ದರು. ಅದರ ಮುಂದೆ ಕಿವಿಗೊಂದು ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡ ಬಡಕಲು ಮನುಷ್ಯ. ಯಾವ ಡ್ರೈವರು ಯಾವ ಬಸ್ಸು, ಯಾವ ಹೊತ್ತು, ಯಾರಿಗೆ ಯಾವ ದಿನ ರಜೆ ಎಂದು ಬರೆಯುವುದೇ ಅವರ ಕೆಲಸ. ಅಲ್ಲಿ ಎಲ್ಲರಿಗೂ ನಂಬರೇ ಹೆಸರು.

"ಇನ್ನೂರ ಹದಿನಾಲ್ಕನೇ ನಂಬರಿನ ಡ್ರೈವರ್ ಡ್ಯೂಟಿ ನೋಡ್ಬೇಕಿತ್ತು," ಎಂದಳು.

"ಇನ್ನೂರ ಹದಿನಾಲ್ಕಾ? ಓ, ನಮ್ಮ ಭಾನುವಾರ!" ಮಾಸ್ಟರು ನಕ್ಕರು. "ಇಲ್ಲಿ ಎಲ್ರೂ ಅವನನ್ನ ಹಾಗೇ ಕರೆಯೋದು. ನೀವು ಅವನಿಗೆ ಏನಾಗ್ಬೇಕಮ್ಮ?"

ಇದಕ್ಕೆ ಉತ್ತರ ಅವಳು ಯೋಚಿಸಿರಲಿಲ್ಲ. "ಅವರ ಮಗಳ ತಾಯಿ," ಎಂದಳು.

ಮಾಸ್ಟರ ನಗು ನಿಂತಿತು. ಒಂದು ಸ್ಟೂಲನ್ನು ಬಟ್ಟೆಯಲ್ಲಿ ಒರೆಸಿ ಅವಳ ಮುಂದಿಟ್ಟರು. ಗೋಡೆಗೆ ಹಾಕಿದ ಚಾರ್ಟಿನಲ್ಲಿ ಗುಟ್ಟೇನೂ ಇಲ್ಲ, ನೋಡಿ ಎಂದರು. ಇನ್ನೂರ ಹದಿನಾಲ್ಕರ ಸಾಲು ಹುಡುಕುವುದು ಕಷ್ಟವಾಗಲಿಲ್ಲ. ಬೇರೆಯವರ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಗೀಟು ಇದ್ದರೆ, ಆ ಸಾಲು ಪೂರ್ತಿ ಕೆಂಪಾಗಿತ್ತು.

"ಇದೇನು ಇಷ್ಟೊಂದು ಗೀಚಿದ್ದೀರಿ?"

"ಗೀಚಿಸಿದ್ದು ಅವನು. ಕೈ ನೋಯಿಸ್ಕೊಂಡಿದ್ದು ನಾನು," ಎಂದರು ಮಾಸ್ಟರು. "ನಮ್ಮಲ್ಲಿ ರಜೆ ಸುತ್ತುತ್ತಾ ಬರುತ್ತಮ್ಮ. ಈ ವಾರ ಸೋಮವಾರ ಬಂದ್ರೆ ಮುಂದಿನ ವಾರ ಮಂಗಳವಾರ. ಭಾನುವಾರ ರಜೆ ಸಿಗೋದು ಏಳು ವಾರಕ್ಕೊಂದ್ಸಲ. ಎಲ್ರಿಗೂ ಅಷ್ಟೇ."

"ಅವರು ಪ್ರತಿ ಭಾನುವಾರಾನೂ ಬರ್ತಾರಲ್ಲ?"

"ಬರ್ತಾನೆ. ತನ್ನ ಬುಧವಾರ ಕೊಟ್ಟು ಇನ್ನೊಬ್ಬನ ಭಾನುವಾರ ತಗೋತಾನೆ. ಬರೀ ಬುಧವಾರಕ್ಕೆ ಭಾನುವಾರ ಬಿಟ್ಕೊಡೋಕೆ ಯಾರಿಗೇನು ಹುಚ್ಚಾ? ಅದಕ್ಕೆ ಮೇಲೊಂದು ಸೇರಿಸ್ತಾನೆ. ಶನಿವಾರದ ಕೊನೆ ಬಸ್ಸು."

ಶನಿವಾರದ ಕೊನೆ ಬಸ್ಸೆಂದರೆ ಡಿಪೋದಲ್ಲಿ ಯಾರಿಗೂ ಬೇಡದ ಪೀಡೆಯಂತೆ. ಕುಡಿದವರು, ವಾಂತಿ ಮಾಡುವವರು, ಸ್ಟಾಪು ದಾಟಿದ ಮೇಲೆ ಎದ್ದು ಡ್ರೈವರನ ಕಾಲರು ಹಿಡಿಯುವವರು, ಎಲ್ಲರೂ ಅದಕ್ಕೇ ಹತ್ತುತ್ತಾರೆ. ಡಿಪೋಗೆ ವಾಪಸಾಗುವಾಗ ಒಂದೂವರೆ. ಇವನ ಮನೆ ಊರಾಚೆ. ಆ ಹೊತ್ತಿಗೆ ಆ ಕಡೆಗೆ ಹೋಗುವ ಬಸ್ಸಿಲ್ಲ. "ಬಸ್ ಓಡಿಸೋನಿಗೇ ಬಸ್ಸಿಲ್ಲ ನೋಡಿ," ಎಂದರು ಮಾಸ್ಟರು. ವಿಶ್ರಾಂತಿ ಕೋಣೆಯ ಮರದ ಬೆಂಚಿನ ಮೇಲೆ ಬಿದ್ದುಕೊಂಡು, ಐದಕ್ಕೆ ಮೊದಲ ಪಾಳಿಯವರ ಗಲಾಟೆಗೆ ಎದ್ದು, ಮುಖ ತೊಳೆದು, ಚೀಲದಲ್ಲಿಟ್ಟ ಒಗೆದ ಷರ್ಟು ಹಾಕಿಕೊಂಡು ಹೊರಡುತ್ತಾನಂತೆ.

"ಇದಕ್ಕೆ ಹೆಚ್ಚಿಗೆ ದುಡ್ಡು ಸಿಗುತ್ತಾ?"

"ಅದಲು ಬದಲಿಗೆ ಯಾರು ಕೊಡ್ತಾರಮ್ಮ ದುಡ್ಡು?"

"ಬೇರೆ ಕಡೆ ರಾತ್ರಿ ಗಾಡಿ ಓಡಿಸ್ತಾರೇನೋ ಅಂತ..."

"ಯಾವ ರಾತ್ರಿ?" ಮಾಸ್ಟರು ಪೆನ್ಸಿಲನ್ನು ಅವಳ ಕೈಗೇ ಕೊಟ್ಟರು. "ಒಂದು ಖಾಲಿ ರಾತ್ರಿ ತೋರ್ಸಿ."

ಟೈಲರಮ್ಮ ಎದ್ದು ಗೋಡೆಯ ಹತ್ತಿರ ಹೋಗಿ ಚೌಕದಿಂದ ಚೌಕಕ್ಕೆ ಬೆರಳಿಟ್ಟು ನೋಡಿದಳು. ಹೊಲಿಗೆಯಲ್ಲಿ ತಪ್ಪು ಹುಡುಕಿ ಅಭ್ಯಾಸವಾದ ಕಣ್ಣು, ಬೇಗ ಸೋಲುವಂಥದ್ದಲ್ಲ. ಮಾಸ್ಟರು ಬೀರುವಿನಿಂದ ಹಳೆಯ ಚಾರ್ಟುಗಳನ್ನೂ ಸುರುಳಿ ಬಿಚ್ಚಿ ಹಾಸಿದರು. ವರ್ಷದ ಕೊನೆಯ ದಿನದ ರಾತ್ರಿ ಡ್ಯೂಟಿ, ನಾಲ್ಕು ವರ್ಷವೂ ಅವನದೇ. ಬೇಸಿಗೆ ರಜೆಯಲ್ಲಿ ಬೇರೆಯವರೆಲ್ಲ ಹೆಂಡತಿ ಮಕ್ಕಳ ಜತೆ ಊರು ಸುತ್ತುವ ದಿನಗಳು, ಅವೂ ಅವನದೇ. ಬರುವ ಮೂರು ತಿಂಗಳ ಭಾನುವಾರಗಳಿಗೆ ಈಗಲೇ ಮಾತಾಡಿ ಇಟ್ಟಿದ್ದಾನಂತೆ. ಬೇರೆ ಗಾಡಿ ಓಡಿಸುವಷ್ಟು ಖಾಲಿ ರಾತ್ರಿ ಒಂದೂ ಸಿಗಲಿಲ್ಲ. ಇನ್ನೂರಕ್ಕೂ ಮಿಕ್ಕಿದ ಭಾನುವಾರಗಳಲ್ಲಿ ಅವನಿಗೆ ಪುಕ್ಕಟೆ ಬಂದದ್ದು ಮೂವತ್ತೋ ಏನೋ. ಉಳಿದದ್ದೆಲ್ಲ ನಿದ್ದೆ ಕೊಟ್ಟು ತಂದದ್ದು.

"ಕೋರ್ಟಲ್ಲೇ ಹೇಳ್ಬಹುದಿತ್ತಲ್ಲ, ನನಗೆ ಭಾನುವಾರ ರಜೆ ಇರಲ್ಲ ಅಂತ?" ಅವಳ ದನಿ ಏರಿತ್ತು.

"ಅಲ್ಲೇ ಆಗಿದ್ದು ಎಡವಟ್ಟು," ಎಂದರು ಮಾಸ್ಟರು. "ಜಡ್ಜ್ ಸಾಹೇಬರು, ನಿಮ್ಮ ವಾರದ ರಜೆ ಯಾವತ್ತು ಅಂತ ಕೇಳಿದ್ರಂತೆ. ನಮ್ಮಲ್ಲಿ ಹಾಗೆ ಕೇಳಿದ್ರೆ ಎಲ್ರೂ ಆ ವಾರದ್ದನ್ನ ಹೇಳೋದು. ಇವನಿಗೆ ಆ ವಾರ ಭಾನುವಾರ ಬಿದ್ದಿತ್ತು. ಭಾನುವಾರ ಅಂದ. ಅವರು ಪ್ರತಿ ಭಾನುವಾರ ಅಂತ ಬರೆದುಬಿಟ್ರು. ಮಾರನೇ ದಿನ ಇಲ್ಲಿ ಬಂದು ಇದೇ ಸ್ಟೂಲ್ ಮೇಲೆ ಕೂತಿದ್ದ, ಮುಖದಲ್ಲಿ ರಕ್ತ ಇರ್ಲಿಲ್ಲ. ಹೋಗಿ ತಿದ್ದಿಸ್ಕೊಂಡು ಬಾ ಮಾರಾಯ ಅಂದೆ. ವಾರ ವಾರಾನೂ ದಿನ ಬದಲಾಗುತ್ತೆ ಅಂದ್ರೆ ಶಾಲೆಗೆ ಹೋಗೋ ಮಗೂನ ಯಾರು ಕಳಿಸ್ತಾರೆ, ತಿಂಗಳಿಗೊಂದ್ಸಲ ಮಾಡಿಬಿಡ್ತಾರೆ ಅಂದ. ಮೇಲಿಂದ ಕೋರ್ಟಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲ ಅನ್ನೋ ಭಯ. ಕೊನೆಗೆ ಏನಂದ ಗೊತ್ತಾ? ಹೇಳಿದ್ದಾಗಿದೆ, ಅದನ್ನ ನಿಜ ಮಾಡಿಬಿಡ್ತೀನಿ ಮಾಸ್ಟ್ರೇ ಅಂದ."

ಅವನು ಅಷ್ಟು ಮಾತಾಡಿದ್ದನೆಂಬುದೇ ಅವಳಿಗೆ ನಂಬಲಾಗದ ಸಂಗತಿ.

ವಾಪಸು ಬರುವಾಗ ಅವಳಿಗೆ ಮೊದಲು ಬಂದದ್ದು ಸಿಟ್ಟೇ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಈ ಗುಣಕ್ಕೇ ಅಲ್ಲವೇ ಇವನನ್ನು ಬಿಟ್ಟಿದ್ದು? ಸಿಟ್ಟು ಎರಡು ಸ್ಟಾಪಿನವರೆಗೆ ಬಂತು. ಆಮೇಲೆ ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತು. ಬಸ್ಸಿನ ಮುಂಭಾಗದಲ್ಲಿ ಯಾರೋ ಅಪರಿಚಿತ ಡ್ರೈವರು ಗೇರು ಬದಲಿಸುತ್ತಿದ್ದ, ಅವನ ಕತ್ತಿನ ಹಿಂಭಾಗ ನೋಡುತ್ತ ಕೂತಳು. ತನ್ನ ಮಗಳಿಗೋಸ್ಕರ ತಾನು ಮಾಡಿದ್ದನ್ನು ಊರಿಗೆಲ್ಲ ಕೇಳುವಂತೆ ಹೇಳಿಕೊಂಡಿದ್ದಳು. ಇವನು ನಾಲ್ಕು ವರ್ಷ ಇಷ್ಟು ದೊಡ್ಡದನ್ನು ಮಾಡಿ ಒಂದು ನಿಟ್ಟುಸಿರನ್ನೂ ಹೊರಗೆ ಬಿಟ್ಟಿರಲಿಲ್ಲ. ಅವಳು ಅವನನ್ನು ಮೆಚ್ಚಿದಳು. ಮತ್ತೆ ಜತೆಗೆ ಬಾಳಬೇಕೆಂದಲ್ಲ, ಆ ಬಾಗಿಲು ಮುಚ್ಚಿಯಾಗಿತ್ತು. ಒಳ್ಳೆಯ ಕೆಲಸಗಾರ ಇನ್ನೊಬ್ಬ ಒಳ್ಳೆಯ ಕೆಲಸಗಾರನ ಕೈ ನೋಡಿ ತಲೆದೂಗುತ್ತಾನಲ್ಲ, ಹಾಗೆ. ಅಂಥವನ ಮೇಲೆ ತಾನು ಬರೆಸಿದ ಒಂಬತ್ತನೆಯ ಪ್ಯಾರಾ ನೆನಪಾಗಿ ಕಿವಿ ಬಿಸಿಯಾಯಿತು.

ಸಂಜೆ ಮಗಳು ಶಾಲೆಯ ಈಜು ತರಗತಿ ಮುಗಿಸಿ ಒದ್ದೆ ಕೂದಲಲ್ಲಿ ಬಂದಳು.

"ಪುಟ್ಟಿ, ಅಪ್ಪ ಬೆಂಚ್ ಮೇಲೆ ನಿದ್ದೆ ಮಾಡ್ತಾರಲ್ಲ, ಆವಾಗ ನೀನೇನು ಮಾಡ್ತೀಯ?"

"ಅವರ ಟೋಪಿ ತೆಗೆದು ಮುಖದ ಮೇಲೆ ಇಡ್ತೀನಿ. ಹೋಗೋರೆಲ್ಲ ನೋಡ್ತಾರಲ್ಲ, ಅದಕ್ಕೆ."

"ಎಬ್ಬಿಸಲ್ವಾ?"

"ಎಬ್ಬಿಸಿದ್ರೆ ಸಾರಿ ಕೇಳ್ತಾರೆ ಅಮ್ಮ. ತುಂಬಾ ಸಲ ಕೇಳ್ತಾರೆ. ಪಾಪ ಅನ್ಸುತ್ತೆ, ಅದಕ್ಕೇ ಎಬ್ಬಿಸಲ್ಲ."

ಟೈಲರಮ್ಮ ಟವೆಲು ತಂದು ಮಗಳ ತಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒರೆಸಿದಳು.

ಮಾರನೇ ದಿನ ವಕೀಲರು, ಅವಳು ಮಾಸ್ಟರಿಂದ ಕೇಳಿ ತಂದಿದ್ದ ಹಳೆಯ ಚಾರ್ಟಿನ ಸುರುಳಿ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರ ಮುಖ ಅರಳಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. "ಇದು ಬ್ರಹ್ಮಾಸ್ತ್ರ ಕಣಮ್ಮ! ಮನುಷ್ಯ ಕೋರ್ಟಿಗೇ ತಪ್ಪು ಮಾಹಿತಿ ಕೊಟ್ಟಿದ್ದಾನೆ. ಇದೊಂದು ಸಾಕು, ಭಾನುವಾರ ಇರ್ಲಿ, ಯಾವ ವಾರಾನೂ ಅವನಿಗೆ ಸಿಗಲ್ಲ. ನಾಡಿದ್ದು ಕೋರ್ಟಿನ ಮಧ್ಯಸ್ಥಿಕೆಯಲ್ಲಿ ಇದನ್ನ ಮುಂದಿಡಿ, ಮಿಕ್ಕಿದ್ದು ನನಗೆ ಬಿಡಿ."

"ಮುಂದಿಡ್ತೀನಿ," ಎಂದಳು ಅವಳು. ಆದರೆ ಅಲ್ಲಿಂದ ಮನೆಗೆ ಹೋಗದೆ ಮತ್ತೆ ಡಿಪೋಗೆ ಹೋದಳು. ಚಾರ್ಟ್ ಮಾಸ್ಟರ ಜತೆ ಅರ್ಧ ಗಂಟೆ ಕಾಲು ಕೆರೆದು ಜಗಳವಾಡಿ, ಒಂದು ಮಾತು ತೆಗೆದುಕೊಂಡೇ ಹೊರಗೆ ಬಂದಳು.

ಮಧ್ಯಸ್ಥಿಕೆಯ ಕೋಣೆಯಲ್ಲಿ ದುಂಡು ಮೇಜು, ನಾಲ್ಕು ಲೋಟ ನೀರು, ಮೂಲೆಯಲ್ಲಿ ಮಕ್ಕಳಿಗೆಂದು ಇಟ್ಟ ಚಕ್ರ ಕಳಚಿದ ಆಟಿಕೆಗಳು. ನಡುವೆ ಕೂತ ಮಧ್ಯಸ್ಥಗಾರ್ತಿ ತಲೆ ನೆರೆತ ಹೆಂಗಸು, ಯಾರ ಮಾತನ್ನೂ ಅರ್ಧಕ್ಕೆ ತುಂಡರಿಸದವರು. ಡ್ರೈವರು ಎರಡು ಪಾಳಿಗಳ ನಡುವೆ ಬಂದಿದ್ದ, ಮೈಮೇಲೆ ಸಮವಸ್ತ್ರ. ಅವನ ಪರ ವಕೀಲರಿರಲಿಲ್ಲ. ಕಣ್ಣಿನ ಕೆಳಗಿನ ಕಪ್ಪನ್ನು ಅವಳು ಇಂದೇ ಮೊದಲ ಸಲ ಗಮನಿಸಿದಳು. ಅದು ಎಷ್ಟು ವರ್ಷದ್ದೋ.

"ಮಗಳಿಗೆ ಭಾನುವಾರ ಈಜು ಇದೆ. ನೀವು ಬೇರೆ ದಿನ ಒಪ್ತಿಲ್ಲ. ಯಾಕೆ?" ಮಧ್ಯಸ್ಥಗಾರ್ತಿ ಕೇಳಿದರು.

"ಆಗಲ್ಲ ಮೇಡಂ."

"ಯಾಕೆ ಆಗಲ್ಲ?"

ಅವನು ನೀರಿನ ಲೋಟ ನೋಡಿದ.

ಟೈಲರಮ್ಮ ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಹಾಳೆಯ ಬೆನ್ನು ನೋಡಿಯೇ ಅದೇನೆಂದು ಅವನಿಗೆ ಗೊತ್ತಾಯಿತು. ಎರಡೂ ಕೈ ಮೇಜಿನ ಕೆಳಗೆ ಹೋದವು. ಮಗಳು ಕೈತಪ್ಪಿದಳು ಎಂದು ಅವನು ಆ ಗಳಿಗೆಯಲ್ಲಿ ತೀರ್ಮಾನಿಸಿಬಿಟ್ಟಿದ್ದ.

"ಮೇಡಂ, ಇವರು ನಾಲ್ಕು ವರ್ಷದ ಹಿಂದೆ ಕೋರ್ಟಲ್ಲಿ ತಮ್ಮ ರಜೆ ಭಾನುವಾರ ಅಂದಿದ್ರು," ಎಂದಳು. "ಇವರಿಗೆ ಭಾನುವಾರ ರಜೆ ಇಲ್ಲ."

ವಕೀಲರ ಪೆನ್ನು ಟಕ್ ಎಂದಿತು. ಡ್ರೈವರು ಅರ್ಧ ಎದ್ದ. "ಮೇಡಂ, ನಾನು..."

"ನೀನು ಸುಮ್ನಿರು. ಇಷ್ಟು ವರ್ಷ ಸುಮ್ನಿದ್ದೀಯ, ಇನ್ನೊಂದೈದು ನಿಮಿಷ ಇದ್ರೆ ಏನೂ ಆಗಲ್ಲ," ಎಂದಳು ಅವಳು. ಅವನು ಕೂತ.

ಆಮೇಲೆ ಅವಳು ಹೇಳಿದಳು. ಸುತ್ತುವ ರಜೆ, ಕೆಂಪು ಗೀಟು, ಶನಿವಾರದ ಕೊನೆ ಬಸ್ಸು, ಮರದ ಬೆಂಚು, ಯಾವುದನ್ನೂ ಬಿಡಲಿಲ್ಲ. ಅವಳ ಬಾಯಿ ಅಷ್ಟು ಉಪಯೋಗಕ್ಕೆ ಬಂದದ್ದು ಜನ್ಮದಲ್ಲಿ ಅದೇ ಮೊದಲು. ವಕೀಲರು ಎರಡು ಸಲ ಕೆಮ್ಮಿದರು, ಮೂರನೆಯ ಸಲ ನೀರು ಕುಡಿದರು. ಮಧ್ಯಸ್ಥಗಾರ್ತಿ ಕನ್ನಡಕ ಹಾಕಿಕೊಂಡು ಚಾರ್ಟಿನ ಆ ಕೆಂಪು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಓದಿದರು.

"ಈಗ ನಿಮಗೇನು ಬೇಕು?"

"ಮೊದಲು ಒಂಬತ್ತನೇ ಪ್ಯಾರಾ ಹೊಡೆದುಹಾಕಿ."

"ಅರ್ಜಿ ವಾಪಸ್ ತಗೋಬಹುದಮ್ಮ. ಆದ್ರೆ ಬರೆದದ್ದು ಕಡತದಲ್ಲಿ ಹಾಗೇ ಇರುತ್ತೆ."

"ಹಾಗಾದ್ರೆ ನಾನು ಈಗ ಹೇಳೋದನ್ನೂ ಅದೇ ಕಡತಕ್ಕೆ ಸೇರಿಸಿ." ಅವಳು ಕುರ್ಚಿ ಮುಂದೆಳೆದುಕೊಂಡಳು. "ಬರ್ಕೊಳ್ಳಿ. ತಂದೆ ನಿದ್ದೆ ಮಾಡಿದ್ದು ನಿಜ. ರಾತ್ರಿಯೆಲ್ಲ ಬಸ್ ಓಡಿಸಿ ಬಂದು ಮಾಡಿದ್ದು. ಓಡಿಸಿದ್ದು ಮಗಳ ಜತೆ ಒಂದು ದಿನ ಇರೋದಕ್ಕೋಸ್ಕರ. ನಾಲ್ಕು ವರ್ಷದಲ್ಲಿ ಒಂದು ಭಾನುವಾರ ತಪ್ಪಿಸಿಲ್ಲ, ಒಂದು ನಿಮಿಷ ತಡ ಮಾಡಿಲ್ಲ. ಇಂಥ ಅಪ್ಪ ಎಲ್ಲ ಮಕ್ಕಳಿಗೂ ಸಿಗಲ್ಲ, ನನ್ನ ಮಗಳಿಗೆ ಸಿಕ್ಕಿದ್ದಾನೆ. ಗಂಡನಾಗಿ ಹೇಗೆ ಅಂತ ಯಾರೂ ಕೇಳಿಲ್ಲ, ಅದು ಬರೀಬೇಡಿ."

ಮಧ್ಯಸ್ಥಗಾರ್ತಿ ನಗು ತಡೆದುಕೊಂಡು ಬರೆದರು. ಆಮೇಲೆ ಅವಳು ತನ್ನ ಲೆಕ್ಕಾಚಾರ ಮುಂದಿಟ್ಟಳು. ಅಂಗಡಿ ತನ್ನದೇ, ತನಗೆ ಯಾವ ದಿನವಾದರೂ ಒಂದೇ. ಇನ್ನು ಮೇಲೆ ಅವನು ಯಾರ ಭಾನುವಾರವನ್ನೂ ಬೇಡುವುದು ಬೇಡ. ಚಾರ್ಟಿನಲ್ಲಿ ಅವನ ರಜೆ ಯಾವ ದಿನ ಬರುತ್ತದೋ ಆ ದಿನ ಶಾಲೆ ಬಿಟ್ಟ ಮೇಲೆ ಮಗಳು ಅವನ ಮನೆಗೆ ಹೋಗಲಿ, ಮಾರನೇ ಬೆಳಿಗ್ಗೆ ಅವನೇ ಶಾಲೆಗೆ ಬಿಡಲಿ. ರಜೆಯ ಮಾರನೇ ದಿನ ಅವನಿಗೆ ಮಧ್ಯಾಹ್ನದ ಎರಡನೇ ಪಾಳಿಯೇ ಹಾಕಬೇಕೆಂದು ಚಾರ್ಟ್ ಮಾಸ್ಟರಿಂದ ಮಾತು ತೆಗೆದುಕೊಂಡಾಗಿದೆ. ಶಾಲೆಗೆ ಬಿಡುವಿರುವಾಗ ರಜೆಯ ದಿನ ಪೂರ್ತಿ ಅವನದು. ಭಾನುವಾರವೇ ಬಿದ್ದರೆ ಈಜು ಮುಗಿದದ್ದೇ ಕೊಳದಿಂದ ಕರೆದುಕೊಂಡು ಹೋಗಲಿ. ಜೀವನಾಂಶ ಈಗ ಇರುವಷ್ಟೇ ಸಾಕು.

"ನಿಮಗೆ ಒಪ್ಪಿಗೇನಾ?" ಮಧ್ಯಸ್ಥಗಾರ್ತಿ ಅವನ ಕಡೆ ತಿರುಗಿದರು.

ಅವನು ಚಾರ್ಟಿನ ಮಡಿಸಿಕೊಂಡ ಅಂಚನ್ನು ಬೆರಳಲ್ಲಿ ಸರಿಮಾಡುತ್ತ ಕೂತ. ಈ ಸಲ ಅವಳು ರೇಗಲಿಲ್ಲ, ಕಾದಳು.

"ರಾತ್ರಿ..." ಎಂದ. "ಅವಳು ರಾತ್ರಿ ನನ್ನ ಮನೇಲಿ ಮಲಗ್ತಾಳಾ?"

"ಮತ್ತಿನ್ನೆಲ್ಲಿ ಮಲಗ್ತಾಳೆ? ಅವಳಿಗೆ ಮಂಚ ಇದೆಯಾ?"

"ಇದೆ. ಕೋರ್ಟಿನ ಆದೇಶ ಬರೋಕೆ ಮುಂಚೆನೇ ತಂದಿಟ್ಟಿದ್ದೆ. ಬರ್ತಾಳೇನೋ ಅಂತ."

ಭಾನುವಾರ ಸಂಜೆ ಆರಕ್ಕೆ ಮಗಳನ್ನು ವಾಪಸು ಬಿಟ್ಟು ಅವನು ಹೋಗುತ್ತಿದ್ದ ಮನೆಯಲ್ಲಿ ಒಂದು ಸಣ್ಣ ಮಂಚ ನಾಲ್ಕು ವರ್ಷದಿಂದ ಹಾಸಿಟ್ಟೇ ಇತ್ತು ಎಂಬುದು ಅವಳಿಗೆ ನಿಧಾನವಾಗಿ ಅರ್ಥವಾಯಿತು. 

"ಎಷ್ಟುದ್ದ ಇದೆ?" ಎಂದು ಕೇಳಿದಳು.

ಅವನು ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಅಳತೆ ತೋರಿಸಿದ. ಆರು ವರ್ಷದ ಮಗುವಿನ ಅಳತೆ. ಟೈಲರಮ್ಮನಿಗೆ ಟೇಪು ಬೇಕಾಗಲಿಲ್ಲ.

"ಅದು ಆಗಲ್ಲ," ಎಂದಳು. "ಈಗ ನಾಲ್ಕೂವರೆ ಅಡಿ ಆಗಿದ್ದಾಳೆ. ಆರಡೀದೇ ತಗೋ. ಇನ್ನೂ ಬೆಳೀತಾಳೆ."